ಕೀಮೋ ಆದ ಮೇಲಿನ 21 ದಿನ

ಕೀಮೋಥೆರಪಿ ಅಂದರೆ ಆಸ್ಪತ್ರೆಯಲ್ಲಿ ನಡೆಯುವ ಚಿಕಿತ್ಸೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಡ್ರಿಪ್ ಹಾಕುವುದು ಅಲ್ಲೇ, ನಿಜ. ಆದರೆ ಔಷಧ ಒಳಗೆ ಹೋದ ಮೇಲಿನ ಕಷ್ಟವೆಲ್ಲ ಹೆಚ್ಚುಕಮ್ಮಿ ಮನೆಯಲ್ಲೇ. ಎಷ್ಟೋ ಕೀಮೋಗಳ ಒಂದು ಸೈಕಲ್, ಅಂದರೆ ಒಂದು ಸಲದ ಔಷಧದಿಂದ ಮುಂದಿನ ಸಲದವರೆಗಿನ ಸುತ್ತು, 21 ದಿನ. ಡ್ರಿಪ್ಪಿನ ದಿನ ಮುಗಿದ ಮೇಲೆ ಅಮ್ಮನೋ ಅಪ್ಪನೋ ನಿಮ್ಮ ಕಣ್ಣೆದುರಿಗೇ ಇರುತ್ತಾರೆ. ಆ ದಿನಗಳು ಒಂದೇ ಥರ ಇರುವುದಿಲ್ಲ. ಯಾವಾಗ ಏನಾಗಬಹುದು ಅನ್ನುವುದಕ್ಕೆ ಒಂದು ಲೆಕ್ಕ ಇದೆ, ಅದು ಬಹುಮಟ್ಟಿಗೆ ನಮ್ಮ ಜೀವಕೋಶಗಳ ಆಯಸ್ಸಿನ ಲೆಕ್ಕ. ಔಷಧದಿಂದ ಔಷಧಕ್ಕೆ ಇದು ಬದಲಾಗುತ್ತದೆ, ಆದ್ದರಿಂದ ನಿಮ್ಮವರ ಲೆಕ್ಕ ಯಾವುದು ಅಂತ ಮೊದಲ ದಿನವೇ ವೈದ್ಯರನ್ನು ಕೇಳಿಕೊಳ್ಳಿ.

ಕೀಮೋ ಹುಟ್ಟಿದ್ದು ಯುದ್ಧದ ವಿಷದಿಂದ. ಮೊದಲ ಮಹಾಯುದ್ಧದಲ್ಲಿ ಮಸ್ಟರ್ಡ್ ಗ್ಯಾಸಿಗೆ ಸಿಕ್ಕವರ ರಕ್ತದಲ್ಲಿ ಬಿಳಿ ರಕ್ತಕಣಗಳು ಕುಸಿದಿದ್ದನ್ನು ವೈದ್ಯರು ಗಮನಿಸಿದ್ದರು. ಹಾಗಾದರೆ ಬಿಳಿ ರಕ್ತಕಣಗಳೇ ಹದ್ದುಮೀರಿ ಬೆಳೆಯುವ ಕ್ಯಾನ್ಸರಿಗೆ ಇದನ್ನೇ ಯಾಕೆ ಕೊಡಬಾರದು? ಯೇಲ್ ವಿಶ್ವವಿದ್ಯಾಲಯದ ಲೂಯಿ ಗುಡ್‌ಮನ್ ಮತ್ತು ಆಲ್ಫ್ರೆಡ್ ಗಿಲ್ಮನ್ ಈ ದಾರಿ ಹಿಡಿದರು. ಅದೇ ಜಾತಿಯ ನೈಟ್ರೋಜನ್ ಮಸ್ಟರ್ಡ್ ಅನ್ನು 1942ರಲ್ಲಿ ಅಲ್ಲಿ ಲಿಂಫೋಮಾ ಅನ್ನುವ ಅಂಥದ್ದೇ ಕ್ಯಾನ್ಸರ್ ಇದ್ದ ಒಬ್ಬ ರೋಗಿಗೆ ಕೊಡಲಾಯಿತು. ಗಡ್ಡೆಗಳು ಕರಗಿದವು, ಆಮೇಲೆ ಮತ್ತೆ ಬಂದವು. ಯುದ್ಧದ ಗುಟ್ಟಾಗಿದ್ದರಿಂದ ಸಂಗತಿ ಪ್ರಕಟವಾಗಿದ್ದು 1946ರಲ್ಲಿ. ಅಂದರೆ ಇವತ್ತು ನಾವು ‘ಕೌಂಟ್ ಇಳಿದಿದೆ’ ಅಂತ ಹೆದರುವ ಅಡ್ಡಪರಿಣಾಮ ಇದೆಯಲ್ಲ, ಮೊದಲು ಕಣ್ಣಿಗೆ ಬಿದ್ದಿದ್ದೇ ಅದು. ಔಷಧ ಆಮೇಲೆ ಬಂತು.

ಹಳೆಯ ಕೀಮೋ ಔಷಧಗಳಲ್ಲಿ ಹೆಚ್ಚಿನವು ಬೇಗ ಬೇಗ ಒಡೆದು ಎರಡಾಗುವ ಕೋಶಗಳನ್ನು ಹಿಡಿಯುತ್ತವೆ. ಕ್ಯಾನ್ಸರ್ ಕೋಶ ಹಾಗೆಯೇ. ಆದರೆ ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಮೂಳೆಯೊಳಗಿನ ಮಜ್ಜೆ, ಇವೂ ಹಾಗೆಯೇ. ಔಷಧಕ್ಕೆ ಭೇದ ಗೊತ್ತಾಗುವುದಿಲ್ಲ.

ಮೊದಲ ದಿನಗಳದ್ದು ವಾಂತಿ, ವಾಕರಿಕೆ. ಔಷಧ ತಗುಲಿದಾಗ ಕರುಳಿನ ಕೆಲವು ಕೋಶಗಳು ಸೆರೊಟೋನಿನ್ ಸುರಿಸುತ್ತವೆ. ಅದು ನರದ ಮೂಲಕ ಮಿದುಳಿಗೆ ‘ವಿಷ ಬಂದಿದೆ, ಹೊರಗೆ ಹಾಕು’ ಅಂತ ಸುದ್ದಿ ಮುಟ್ಟಿಸುತ್ತದೆ. ಇದು ಮೊದಲ 24 ಗಂಟೆಯ ಕಥೆ. ಎರಡನೇ ದಿನದಿಂದ ಐದನೇ ದಿನದವರೆಗೆ ಬರುವ ವಾಕರಿಕೆಗೆ ಮುಖ್ಯ ಕಾರಣ ಬೇರೆ, ಅದು ಸಬ್‌ಸ್ಟೆನ್ಸ್ ಪಿ ಅನ್ನುವ ಇನ್ನೊಂದು ರಾಸಾಯನಿಕ. ಅದಕ್ಕೇ ವೈದ್ಯರು ಎರಡು ಮೂರು ಬಗೆಯ ಮಾತ್ರೆ ಕೊಡುತ್ತಾರೆ. 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂಡಾನ್ಸೆಟ್ರಾನ್ ಮೊದಲನೆಯದನ್ನು ತಡೆಯುತ್ತದೆ, 2003ರಲ್ಲಿ ಬಂದ ಅಪ್ರೆಪಿಟಾಂಟ್ ಎರಡನೆಯದನ್ನು. ‘ವಾಂತಿ ಏನೂ ಇಲ್ವಲ್ಲ, ಮಾತ್ರೆ ಯಾಕೆ ಸುಮ್ನೆ’ ಅಂತ ಅಪ್ಪ ಮಾರನೇ ದಿನವೇ ಶುರು ಮಾಡುತ್ತಾರೆ. ವಾಂತಿ ಇಲ್ಲದಿರುವುದು ಮಾತ್ರೆಯಿಂದಲೇ. ಚೀಟಿಯಲ್ಲಿ ಬರೆದಷ್ಟು ದಿನ ನುಂಗಿಸಿ.

ಊಟದ ವಿಷಯದಲ್ಲಿ ಒಂದು ಎಚ್ಚರ. 1978ರಲ್ಲಿ ಇಲೀನ್ ಬರ್ನ್‌ಸ್ಟೀನ್ ಅನ್ನುವ ಮನಶ್ಶಾಸ್ತ್ರಜ್ಞೆ ಕೀಮೋ ಪಡೆಯುತ್ತಿದ್ದ ಮಕ್ಕಳಿಗೆ ಔಷಧ ಕೊಡುವ ಮುಂಚೆ ಹೊಸ ರುಚಿಯ ಐಸ್‌ಕ್ರೀಮ್ ತಿನ್ನಿಸಿದರು. ಅಂಥ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಆ ಐಸ್‌ಕ್ರೀಮ್ ಬೇಡ ಅಂದರು. ಹೊಟ್ಟೆ ಕೆಟ್ಟದ್ದಕ್ಕೆ ಮಿದುಳು ಐಸ್‌ಕ್ರೀಮನ್ನು ದೂರಿತ್ತು. ಅದಕ್ಕೇ ಅಮ್ಮನಿಗೆ ತುಂಬಾ ಇಷ್ಟದ ತಿಂಡಿಯನ್ನು ಕೀಮೋ ದಿನವೇ ಪ್ರೀತಿಯಿಂದ ಮಾಡಿಕೊಡಲು ಹೋಗಬೇಡಿ. ಅದನ್ನು ಒಳ್ಳೆಯ ದಿನಗಳಿಗೆ ಉಳಿಸಿಡಿ.

ಇದೇ ದಿನಗಳಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ವಾಕರಿಕೆ ತಡೆಯಲು ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ಕೊಟ್ಟಿದ್ದರೆ ರೋಗಿ ಮೊದಲೆರಡು ದಿನ ಬಲೇ ಚುರುಕು. ರಾತ್ರಿ ನಿದ್ದೆ ಇಲ್ಲ, ಮಾತು ಜಾಸ್ತಿ, ಬೀರು ಜೋಡಿಸುವುದಕ್ಕೂ ಹೊರಡಬಹುದು. ಮನೆಯವರಿಗೆ ಖುಷಿಯೋ ಖುಷಿ. ಮಾತ್ರೆ ನಿಂತ ಮೇಲೆ ಹಾಸಿಗೆ ಬಿಟ್ಟು ಏಳಲಾರರು. ಕಾಯಿಲೆ ಜಾಸ್ತಿಯಾಯಿತು ಅಂತ ಗಾಬರಿಯಾಗಬೇಡಿ, ಇಳಿದಿದ್ದು ಸ್ಟಿರಾಯ್ಡಿನ ಕಾವು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ದಿನಗಳಲ್ಲಿ ಸಕ್ಕರೆ ಏರುತ್ತದೆ, ಅದನ್ನು ಮಾತ್ರ ನೋಡಿಕೊಳ್ಳಬೇಕು. ಮೊದಲ 48 ಗಂಟೆ ಮೂತ್ರ, ವಾಂತಿಯಲ್ಲೂ ಔಷಧದ ಅಂಶ ಇರುತ್ತದೆ. ಒರೆಸುವಾಗ ಗ್ಲೌಸ್ ಹಾಕಿಕೊಳ್ಳಿ, ಕೊಳೆಯಾದ ಬಟ್ಟೆ ಬೇರೆ ಒಗೆಯಿರಿ. ಡಾಕ್ಸೋರುಬಿಸಿನ್ ಅನ್ನುವ ಕೀಮೋ ಔಷಧ ಕೊಟ್ಟಿದ್ದರೆ ಮೂತ್ರ ಕೆಂಪಗೆ ಹೋಗುತ್ತದೆ, ಅದು ಔಷಧದ ಬಣ್ಣ.

ನಿಜವಾಗಿ ಹೆದರಬೇಕಾದ್ದು ರೋಗಿ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಾಣುವಾಗ. ಹೆಚ್ಚಾಗಿ ಏಳರಿಂದ ಹದಿನಾಲ್ಕನೇ ದಿನದ ನಡುವೆ.

ಕಾರಣ ನ್ಯೂಟ್ರೋಫಿಲ್. ಬ್ಯಾಕ್ಟೀರಿಯಾ ಬಂದರೆ ಮೊದಲು ಓಡಿಬರುವ ಬಿಳಿ ರಕ್ತಕಣ ಇದು. ರಕ್ತದಲ್ಲಿ ಇದರ ಆಯಸ್ಸು ತೀರಾ ಕಮ್ಮಿ, ಗಂಟೆಗಳಲ್ಲೇ ಎಣಿಸಬೇಕು. ಮಜ್ಜೆ ದಿನವೂ ಹೊಸದನ್ನು ಕಳಿಸುತ್ತಲೇ ಇರಬೇಕು. ಕೀಮೋ ಹೊಡೆತ ಬೀಳುವುದು ಮಜ್ಜೆಯಲ್ಲಿ ಇನ್ನೂ ತಯಾರಾಗುತ್ತಿರುವ ಎಳೆಯ ಕೋಶಗಳ ಮೇಲೆ. ಆಗಲೇ ಬಲಿತು ನಿಂತ ದಾಸ್ತಾನು ಕೆಲವು ದಿನ ನಡೆಸುತ್ತದೆ, ಅದು ಮುಗಿದ ಮೇಲೆ ಕೊರತೆ ಕಾಣಿಸುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗೆ ಹೋದರೆ ಅಪಾಯದ ಮಟ್ಟ.

ಇಲ್ಲೇ ಒಂದು ಮೋಸ ಇದೆ. ಗಾಯ ಕೆಂಪಾಗುವುದು, ಕೀವು ತುಂಬುವುದು ಬಹುಪಾಲು ಈ ನ್ಯೂಟ್ರೋಫಿಲ್‌ಗಳಿಂದಲೇ. ಅವೇ ಇಲ್ಲದಾಗ ಸೋಂಕು ಒಳಗೊಳಗೇ ಹಬ್ಬಿದರೂ ಹೊರಗೆ ಏನೂ ಕಾಣದೆ ಇರಬಹುದು. ಕೀವಿಲ್ಲ, ಕಫವಿಲ್ಲ, ಊತವಿಲ್ಲ. ಇರುವ ಗುರುತು ಒಂದೇ, ಜ್ವರ.

ರಾತ್ರಿ ಹನ್ನೊಂದು ಗಂಟೆ ಅಂತಿಟ್ಟುಕೊಳ್ಳಿ. ಅಮ್ಮನ ಹಣೆ ಮುಟ್ಟಿದರೆ ಬಿಸಿ. ‘ಏನಿಲ್ಲ ಮಗಾ, ಸ್ವಲ್ಪ ಮೈಕೈ ನೋವು, ಬೆಳಿಗ್ಗೆ ನೋಡೋಣ’ ಅನ್ನುತ್ತಾರೆ. ಮಕ್ಕಳಿಗೆ ತೊಂದರೆ ಕೊಡಬಾರದು ಅಂತ ಹೇಳುವ ಈ ಮಾತನ್ನು ಆ ವಾರ ನಂಬಲೇಬಾರದು. ಬಿಸಿಯದ್ದೇನಾದರೂ ಕುಡಿದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಥರ್ಮಾಮೀಟರ್ ಇಡಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ್ದರೆ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಜ್ವರ ಇಲ್ಲದೆಯೂ ನಡುಕ ಬಂದರೆ ಇದೇ ಮಾತು. ಫೋನ್ ಮಾಡುವ ಮೊದಲೇ ಪ್ಯಾರಾಸಿಟಮಾಲ್ ಕೊಟ್ಟುಬಿಡಬೇಡಿ. ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ, ಇದ್ದ ಒಂದೇ ಗುರುತೂ ಅಳಿಸಿಹೋಗುತ್ತದೆ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು ಅನ್ನುವುದು ವೈದ್ಯರೇ ಇಟ್ಟುಕೊಂಡಿರುವ ಗುರಿ. ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಅನ್ನುವುದನ್ನು ಗೋಡೆಗೇ ಅಂಟಿಸಿಡಿ.

ಹಾಗಂತ ಅವರನ್ನು ಕೋಣೆಯಲ್ಲಿ ಕೂಡಿಹಾಕಬೇಕಿಲ್ಲ. ಎಲ್ಲರೂ ಸೋಪಿನಲ್ಲಿ ಕೈ ತೊಳೆಯಲಿ, ನೆಗಡಿ ಇರುವವರು ಆ ವಾರ ಬರದಿರಲಿ, ಅಷ್ಟಾದರೆ ಅರ್ಧ ಕೆಲಸ ಆದಂತೆ. ಬಂದೇ ತೀರುತ್ತೇನೆ ಅನ್ನುವ ನೆಂಟರಿಗೆ ನೀವೇ ಇಲ್ಲ ಅನ್ನಿ. ಅಮ್ಮ ಅನ್ನಲಾರರು.

ಬಾಯಿ ಹುಣ್ಣೂ ಹೆಚ್ಚುಕಮ್ಮಿ ಇದೇ ಹೊತ್ತಿಗೆ ಬರುತ್ತದೆ. ಉಪ್ಪು, ಅಡುಗೆ ಸೋಡಾ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಮೆತ್ತಗಿನ ಬ್ರಷ್. ನಾಲಿಗೆಯ ರುಚಿಕೋಶಗಳೂ ಸುಮಾರು 10 ದಿನಕ್ಕೊಮ್ಮೆ ಹೊಸದಾಗುವಂಥವು, ಏಟು ತಿಂದಾಗ ಎಲ್ಲವೂ ಲೋಹದ ರುಚಿ ಹೊಡೆಯುತ್ತದೆ. ಸ್ಟೀಲ್ ಚಮಚದ ಬದಲು ಪ್ಲಾಸ್ಟಿಕ್ಕಿನದೋ ಮರದ್ದೋ ಕೊಟ್ಟು ನೋಡಿ. ಕೂದಲು ಉದುರುವ ಔಷಧವಾದರೆ ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಅದು ಶುರುವಾಗುತ್ತದೆ.

ಮೂರನೇ ವಾರ ಮಜ್ಜೆ ಮತ್ತೆ ಹಳಿಗೆ ಬರುತ್ತದೆ. 21 ದಿನದ ಅಂತರ ಇಟ್ಟಿರುವುದೇ ಅದಕ್ಕೆ. ಸ್ನೇಹಿತರ ಭೇಟಿ, ಹೊರಗಿನ ಓಡಾಟ, ಇಷ್ಟದ ಊಟ ಎಲ್ಲ ಈ ವಾರಕ್ಕೆ. ಆದರೆ ಸೈಕಲ್‌ನಿಂದ ಸೈಕಲ್‌ಗೆ ಸುಸ್ತು ಏರುತ್ತಾ ಹೋಗುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನ ಬಾಳುವುದರಿಂದ ಅದರ ಕೊರತೆ ಕಾಣಿಸುವುದು ನಿಧಾನವಾಗಿ. ಈ ಸುಸ್ತು ನಿದ್ದೆಯಿಂದ ಪೂರ್ತಿ ಹೋಗುವಂಥದ್ದಲ್ಲ. ವೈದ್ಯರು ಬೇಡ ಅನ್ನದಿದ್ದರೆ ದಿನವೂ ಸ್ವಲ್ಪ ನಡೆಯುವುದೇ ಮಲಗುವುದಕ್ಕಿಂತ ಮೇಲು ಅಂತ ಅಧ್ಯಯನಗಳು ತೋರಿಸಿವೆ.

ಕೊನೆಯ ಕೀಮೋ ಮುಗಿದ ದಿನ ಮನೆಯವರಿಗೆ ಎಲ್ಲ ಮುಗಿಯಿತು ಅನ್ನಿಸುತ್ತದೆ. ನರಗಳಿಗೆ ಹಾಗಿಲ್ಲ. ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್‌ನಂಥ ಕೀಮೋ ಔಷಧಗಳು ನರಗಳಿಗೂ ಏಟು ಕೊಡುತ್ತವೆ. ಅದು ಮೊದಲು ಕಾಣಿಸುವುದು ಅತಿ ಉದ್ದದ ನರಗಳ ತುದಿಯಲ್ಲಿ, ಅಂದರೆ ಕಾಲ್ಬೆರಳಲ್ಲಿ. ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್ ನಿಂತ ಮೇಲೂ ಕೆಲವರಲ್ಲಿ ಜೋಮು ಕೆಲವು ತಿಂಗಳು ಏರುತ್ತಲೇ ಹೋಗುತ್ತದೆ. ಅಪ್ಪ ಶರ್ಟಿನ ಗುಂಡಿ ಹಾಕಲು ಪರದಾಡುತ್ತಿದ್ದರೆ, ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗದಿದ್ದರೆ ವೈದ್ಯರಿಗೆ ಹೇಳಿ. ಜಾರುವ ಮ್ಯಾಟ್ ತೆಗೆದುಹಾಕಿ, ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿ ದೀಪ ಇರಲಿ. ಸ್ನಾನದ ನೀರು ಎಷ್ಟು ಬಿಸಿ ಅನ್ನುವುದನ್ನು ಇನ್ನೂ ಕೆಲವು ತಿಂಗಳು ನೀವೇ ಕೈ ಅದ್ದಿ ನೋಡಿ.