ಮಡಚುವ ಚಾಕು ಮತ್ತು ಶಸ್ತ್ರಾಸ್ತ್ರ ಕಾಯ್ದೆ: ಯಾವ ಸೆಕ್ಷನ್ ಮೊದಲು ಓದಬೇಕು?

‘ಆರು ಇಂಚಿನ ಒಳಗಿದ್ರೆ ಏನೂ ಆಗಲ್ಲ’ ಅಂತ ಒಬ್ಬರು ಹೇಳುತ್ತಾರೆ. ‘ಮಡಚೋ ಚಾಕು ತಾನೇ, ಪರವಾಗಿಲ್ಲ’ ಅಂತ ಇನ್ನೊಬ್ಬರು. ಈ ವಿಷಯ ಓದಲು ಕೂತಾಗ ಈ ಎರಡೂ ಮಾತನ್ನು ಮೊದಲು ಪಕ್ಕಕ್ಕೆ ಇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆರು ಇಂಚು ಅನ್ನುವ ಅಳತೆ ಎಲ್ಲೂ ಇಲ್ಲ. ಮಡಚುವ ಚಾಕುವಿಗೆ ಅಂತ ಬೇರೆ ಸೆಕ್ಷನ್ ಕೂಡ ಇಲ್ಲ. ಕಾಯ್ದೆ ಕೇಳುವ ಪ್ರಶ್ನೆಗಳೇ ಬೇರೆ: ಆ ವಸ್ತು ಯಾಕೆ ತಯಾರಾಯಿತು? ಅದು ಈಗ ಯಾವ ಊರಿನಲ್ಲಿದೆ? ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ಇದೆ? ಈ ಕ್ರಮದಲ್ಲಿ ಓದಿದರೆ ಇಡೀ ವಿಷಯ ಸಲೀಸಾಗಿ ತಲೆಗೆ ಹತ್ತುತ್ತದೆ.

ಮೊದಲು ಸೆಕ್ಷನ್ 2(1)(ಸಿ)

ಆಯುಧ ಅಂದರೆ ಏನು ಅಂತ ಹೇಳುವುದು ಈ ಸೆಕ್ಷನ್. ದಾಳಿಗೋ ರಕ್ಷಣೆಗೋ ಆಯುಧವಾಗಿ ರೂಪಿಸಿದ ಅಥವಾ ಹಾಗೆ ಮಾರ್ಪಡಿಸಿದ ಯಾವುದೇ ವಸ್ತು ಆಯುಧ. ಬಂದೂಕು ಇದರೊಳಗೆ ಬರುತ್ತದೆ. ಹರಿತವಾದ ಅಂಚಿರುವ ಮಾರಕ ಆಯುಧಗಳೂ ಬರುತ್ತವೆ. ಆದರೆ ಮನೆಬಳಕೆಗೆ ಅಥವಾ ಬೇಸಾಯಕ್ಕೆ ಮಾತ್ರ ಮಾಡಿದ ವಸ್ತುಗಳು ಹೊರಗೆ. ಲಾಠಿ ಮತ್ತು ಸಾಮಾನ್ಯ ಊರುಗೋಲನ್ನು ಕಾಯ್ದೆಯೇ ಉದಾಹರಣೆಯಾಗಿ ಕೊಡುತ್ತದೆ. ಆಟಿಕೆಯಾಗಿ ಬಿಟ್ಟು ಬೇರೆ ಯಾವುದಕ್ಕೂ ಬಾರದ, ಆಯುಧವಾಗಿ ಬದಲಾಯಿಸಲೂ ಆಗದ ವಸ್ತುಗಳೂ ಹೊರಗೆ.

ಹಾಗಾಗಿ ತರಕಾರಿ ಹೆಚ್ಚುವ ಚಾಕು, ಎಳನೀರು ಕೆತ್ತುವ ಮಚ್ಚು, ಅಡಕೆ ಕೊನೆ ಕೊಯ್ಯುವ ಕತ್ತಿ, ಕುಡುಗೋಲು ಇವುಗಳನ್ನು ಮನೆ, ತೋಟದಲ್ಲಿ ಇಟ್ಟುಕೊಳ್ಳಲು ಯಾರೂ ಲೈಸೆನ್ಸ್ ಕೇಳುವುದಿಲ್ಲ. ಇವುಗಳಲ್ಲಿ ಕೆಲವು ಒಂದು ಅಡಿಗಿಂತ ಉದ್ದ ಇರುತ್ತವೆ, ಅಲ್ವಾ? ಉದ್ದ ಒಂದೇ ಮಾನದಂಡ ಆಗಿದ್ದರೆ ನಮ್ಮ ಮಲೆನಾಡಿನ ಅರ್ಧ ಜನ ಕೋರ್ಟಿನಲ್ಲಿ ಇರಬೇಕಾಗುತ್ತಿತ್ತು.

ಇಲ್ಲಿ ಇನ್ನೊಂದು ಅಂಶ ಗಮನಿಸಿ. ವ್ಯಾಖ್ಯೆಯಲ್ಲಿ ದಾಳಿಯ ಜೊತೆಗೆ ರಕ್ಷಣೆಯೂ ಇದೆ. ‘ಆತ್ಮರಕ್ಷಣೆಗೆ ಇಟ್ಟುಕೊಂಡಿದ್ದೆ’ ಅಂದ ಮಾತ್ರಕ್ಕೆ ಚಾಕು ಈ ಕಾಯ್ದೆಯಿಂದ ಆಚೆ ಹೋಗುವುದಿಲ್ಲ. ಇದನ್ನು ತುಂಬಾ ಜನ ತಪ್ಪಾಗಿ ತಿಳಿದುಕೊಂಡಿದ್ದಾರೆ.

ಸೆಕ್ಷನ್ 3 ಮತ್ತು 4: ಇಲ್ಲಿ ಜಾಸ್ತಿ ಹೊತ್ತು ಕೂರಿ

ಸೆಕ್ಷನ್ 3 ಬಂದೂಕಿಗೆ ಸಂಬಂಧಿಸಿದ್ದು. ದೇಶದ ಯಾವ ಮೂಲೆಯಲ್ಲಿದ್ದರೂ ಲೈಸೆನ್ಸ್ ಬೇಕು. ಸೆಕ್ಷನ್ 4 ಬಂದೂಕಲ್ಲದ ಆಯುಧಗಳದ್ದು. ಇದು ತಾನಾಗಿ ಜಾರಿಗೆ ಬರುವುದಿಲ್ಲ. ಒಂದು ಪ್ರದೇಶದ ಪರಿಸ್ಥಿತಿ ನೋಡಿ, ಸಾರ್ವಜನಿಕ ಹಿತಕ್ಕೆ ಅಗತ್ಯ ಅನ್ನಿಸಿದರೆ, ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಬೇಕು. ಯಾವ ಪ್ರದೇಶ, ಯಾವ ಬಗೆಯ ಆಯುಧ ಅಂತ ಅದರಲ್ಲಿ ಹೇಳಬೇಕು. ಆಮೇಲಷ್ಟೇ ಆ ಪ್ರದೇಶದಲ್ಲಿ ಅಂಥ ಆಯುಧ ಕೊಳ್ಳಲು, ಇಟ್ಟುಕೊಳ್ಳಲು, ಒಯ್ಯಲು ಲೈಸೆನ್ಸ್ ಬೇಕಾಗುತ್ತದೆ. ಮೀರಿದರೆ ಸೆಕ್ಷನ್ 25(1ಬಿ)(ಬಿ) ಅನ್ವಯ ಜೈಲು ಮತ್ತು ದಂಡ.

ಇದರ ಅರ್ಥ ಏನು? ಚಾಕು ಸಿಕ್ಕಿತು ಅನ್ನುವುದೊಂದೇ ಈ ಸೆಕ್ಷನ್‌ಗೆ ಸಾಲದು. ಆ ಜಾಗಕ್ಕೆ ಅಧಿಸೂಚನೆ ಇತ್ತು, ಈ ಚಾಕು ಅದರ ವರ್ಣನೆಗೆ ಹೊಂದುತ್ತದೆ ಅಂತ ಸರ್ಕಾರದ ಪರ ವಕೀಲರು ತೋರಿಸಬೇಕು. ಕಾನೂನು ಪರೀಕ್ಷೆಯಲ್ಲಿ ಸಮಸ್ಯೆ ರೂಪದ ಪ್ರಶ್ನೆ ಬಂದರೆ ಅಂಕ ಸಿಗುವುದು ಈ ಎರಡು ಹೆಜ್ಜೆ ಬರೆದಾಗ.

ಹಾಗಾದರೆ ಇಂಚಿನ ಲೆಕ್ಕ ಎಲ್ಲಿಂದ ಬಂತು? ಅದು ಇರುವುದು ನಿಯಮಗಳಲ್ಲಿ. 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿಯ 5ನೇ ವರ್ಗ ತೆಗೆದು ನೋಡಿ. ಕತ್ತಿ, ಕಠಾರಿ, ಬಯೊನೆಟ್, ಈಟಿ, ಯುದ್ಧಗೊಡಲಿ ಇವೆಲ್ಲ ಅಲ್ಲಿವೆ. ಸಿಖ್ಖರ ಕಿರ್ಪಾನ್, ಗೂರ್ಖರ ಖುಕ್ರಿ ಸೇರಿ ಚಾಕುಗಳ ಮಾತೂ ಇದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅನ್ನುವ ಅಳತೆ ಇರುವುದು ಇಲ್ಲೇ. ಮನೆಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆ ಕೆಲಸಕ್ಕೆ ಮಾಡಿದ್ದನ್ನು ಇಲ್ಲೂ ಹೊರಗಿಟ್ಟಿದ್ದಾರೆ. 1962ರ ಹಳೆಯ ನಿಯಮಗಳಲ್ಲೂ ಇದೇ ಅಳತೆ ಇತ್ತು. ಜೇಬಿಗೆ ಹಿಡಿಸುವ ಮಡಚುವ ಚಾಕು 9 ಇಂಚಿನ ಅಲಗಿನದ್ದಾಗಿರುವುದು ಅಪರೂಪ. ಆದರೆ ಇದೇ ವರ್ಗದ ಕೊನೆಯಲ್ಲಿ, ಸೆಕ್ಷನ್ 4ರ ಕೆಳಗೆ ಅಧಿಸೂಚನೆಯಾದ ಬೇರೆ ಆಯುಧಗಳೂ ಸೇರುತ್ತವೆ ಅಂತ ಬರೆದಿದೆ. ಅಂದರೆ ಚಿಕ್ಕ ಚಾಕು ಕೂಡ ಆ ಬಾಗಿಲಿನಿಂದ ಒಳಗೆ ಬರಬಹುದು. ದೆಹಲಿಯಲ್ಲಿ ಆಗಿದ್ದು ಅದೇ.

ದೆಹಲಿಯ ಬಟನ್ ಚಾಕು

ಬಟನ್ ಒತ್ತಿದರೆ ಟಕ್ ಅಂತ ತೆರೆದುಕೊಳ್ಳುವ ಚಾಕುಗಳ ಬಗ್ಗೆ ದೆಹಲಿ ಆಡಳಿತ 1980ರ ಅಕ್ಟೋಬರ್ 29ರಂದು ಅಧಿಸೂಚನೆ ಹೊರಡಿಸಿತು. ಸ್ಪ್ರಿಂಗ್ ಚಾಕು, ಗರಾರಿದಾರ್ ಚಾಕು, ಬಟನ್‌ದಾರ್ ಚಾಕು, ಇನ್ಯಾವುದೇ ಯಾಂತ್ರಿಕ ಏರ್ಪಾಡಿನಿಂದ ತೆರೆಯುವ ಅಥವಾ ಮುಚ್ಚುವ ಚಾಕು ಇದರೊಳಗೆ ಬಂದವು. ಅಲಗಿನ ಉದ್ದ 7.62 ಸೆಂಟಿಮೀಟರ್ ಅಥವಾ ಹೆಚ್ಚು, ಅಗಲ 1.72 ಸೆಂಟಿಮೀಟರ್ ಅಥವಾ ಹೆಚ್ಚು ಇರಬೇಕು. 7.62 ಸೆಂಟಿಮೀಟರ್ ಅಂದರೆ ಸರಿಯಾಗಿ 3 ಇಂಚು.

ಉಗುರಿನಿಂದ ಎಳೆದು ಬಿಡಿಸುವ ಹಣ್ಣು ಕೊಯ್ಯುವ ಚಾಕುವಿಗೂ ಬಟನ್ ಚಾಕುವಿಗೂ ಇರುವ ವ್ಯತ್ಯಾಸ ಇಲ್ಲಿ ಕಾನೂನಿನ ವ್ಯತ್ಯಾಸವೇ ಆಗಿಬಿಟ್ಟಿದೆ. ಎರಡೂ ಮಡಚುವಂಥವೇ. ನೋಡಬೇಕಾದ್ದು ಅದು ತೆರೆದುಕೊಳ್ಳುವ ಬಗೆಯನ್ನು.

ಈ ಅಧಿಸೂಚನೆಯ ಇನ್ನೊಂದು ಭಾಗ ವರ್ಷಗಟ್ಟಲೆ ಕಣ್ಣಿಗೆ ಬೀಳದೇ ಹೋಗಿತ್ತು ಅನ್ನಿಸುತ್ತದೆ. ಅದು ಹೇಳುವುದು ತಯಾರಿಕೆ, ಮಾರಾಟ, ಮಾರಾಟಕ್ಕಾಗಿ ಅಥವಾ ಚಾಕುವನ್ನು ಪರೀಕ್ಷಿಸಿ ನೋಡುವುದಕ್ಕಾಗಿ ಇಟ್ಟುಕೊಳ್ಳುವುದರ ಬಗ್ಗೆ ಮಾತ್ರ. 2025ರಲ್ಲಿ ಬಟನ್‌ದಾರ್ ಚಾಕು ಸಿಕ್ಕ ಒಂದು ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. ಆ ವ್ಯಕ್ತಿ ಮಾರಾಟಕ್ಕೋ ತಯಾರಿಕೆಗೋ ಪರೀಕ್ಷೆಗೋ ಚಾಕು ಇಟ್ಟುಕೊಂಡಿದ್ದ ಅಂತ ಚಾರ್ಜ್‌ಶೀಟ್‌ನಲ್ಲಿ ಆರೋಪವೇ ಇರಲಿಲ್ಲ. ಅಧಿಸೂಚನೆ ಉಲ್ಲಂಘನೆ ಆಗಿದೆ ಅನ್ನಲು ಆಧಾರ ಇಲ್ಲ ಅಂತ ಕೋರ್ಟ್ ಪ್ರಕರಣವನ್ನೇ ರದ್ದು ಮಾಡಿತು. ದಂಡ ವಿಧಿಸುವ ಕಾನೂನನ್ನು ಅದರ ಮಾತಿನ ಮೇರೆಯೊಳಗೇ ಓದಬೇಕು ಅನ್ನುವ ತತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇಕಿಲ್ಲ. ಚಿಕ್ಕ ಪ್ರಕರಣ ಅನ್ನಿಸಬಹುದು. ಆದರೆ ಇಂಥ ಕೇಸಿನಲ್ಲಿ ಸಿಕ್ಕಿಬೀಳುವವರಲ್ಲಿ ಬಡವರೇ ಜಾಸ್ತಿ ಅನ್ನುವುದು ನನ್ನ ಅನಿಸಿಕೆ. ಅವರ ಪರವಾಗಿ ಅಧಿಸೂಚನೆ ತೆಗೆದು ಓದುವವರು ಬೇಕು.

ಹಾಗಂತ ಜೇಬಿನಲ್ಲಿ ಹಾಕಿಕೊಂಡು ಓಡಾಡಬಹುದಾ?

ಇಲ್ಲಿ ಅವಸರ ಬೇಡ. ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 20 ಓದಿ. ಯಾರಾದರೂ ಆಯುಧ ಒಯ್ಯುತ್ತಿರುವ ರೀತಿ ಅಥವಾ ಸಂದರ್ಭ ನೋಡಿದರೆ ಕೆಟ್ಟ ಕೆಲಸಕ್ಕೇ ಒಯ್ಯುತ್ತಿದ್ದಾರೆ ಅನ್ನುವ ಸಕಾರಣ ಅನುಮಾನ ಬಂದರೆ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, ಆಯುಧ ವಶಕ್ಕೆ ಪಡೆಯಬಹುದು. ಲೈಸೆನ್ಸ್ ಇದ್ದರೂ ಇದು ಅನ್ವಯಿಸುತ್ತದೆ.

ಆಮೇಲೆ ನಿಷೇಧಾಜ್ಞೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಸೆಕ್ಷನ್ 35ರ ಕೆಳಗೆ ಕಮಿಷನರ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಇಂಥ ಆದೇಶ ಹೊರಡಿಸುತ್ತಾರೆ. ಗಲಾಟೆಯ ಸಮಯದಲ್ಲಿ ಪೇಪರ್‌ನಲ್ಲಿ ‘ಶಸ್ತ್ರ, ಬಡಿಗೆ, ಭರ್ಚಿ, ಗದೆ, ಬಂದೂಕು, ಚೂರಿ, ಲಾಠಿ’ ಒಯ್ಯಬಾರದು ಅಂತ ಓದಿರುತ್ತೀರಿ. ಮೂಲ ಇದೇ. ಶಸ್ತ್ರಾಸ್ತ್ರ ಕಾಯ್ದೆ ಹೊರಗಿಟ್ಟ ಲಾಠಿ ಇಲ್ಲಿ ಒಳಗೆ ಬಂದಿರುವುದನ್ನು ನೋಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163 ಕೂಡ ಇದೆ. ಹಳೆಯ 144 ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆಯ ಸೆಕ್ಷನ್ 96 ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಅಪರಾಧ ಮಾಡುವ ಉದ್ದೇಶದಿಂದ ಅಪಾಯಕಾರಿ ಸಲಕರಣೆ ಹಿಡಿದು ಸಿಕ್ಕವರ ಬಗ್ಗೆ ಹೇಳುತ್ತದೆ.

ಅದೇ ಚಾಕುವಿನಿಂದ ಗಾಯ ಮಾಡಿದರೆ ಪ್ರಶ್ನೆಯೇ ಬೇರೆ. ಆಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 118. ಅಡುಗೆಮನೆ ಚಾಕುವೂ ಅಲ್ಲಿ ಅಪಾಯಕಾರಿ ಆಯುಧವೇ.

ವಿನಾಯಿತಿಗಳು

ಸಂವಿಧಾನದ 25ನೇ ವಿಧಿಯ ಮೊದಲ ವಿವರಣೆ ಸಿಖ್ಖರು ಕಿರ್ಪಾನ್ ಧರಿಸುವುದು, ಒಯ್ಯುವುದು ಅವರ ಧರ್ಮಾಚರಣೆಯ ಭಾಗ ಅನ್ನುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಸಿಖ್ ಪ್ರಯಾಣಿಕರಿಗೆ 2022ರ ಆದೇಶದಂತೆ ಒಟ್ಟು 9 ಇಂಚು, ಅಲಗು 6 ಇಂಚು ಮೀರದ ಕಿರ್ಪಾನ್‌ಗೆ ಅವಕಾಶ ಇದೆ. ‘ಆರು ಇಂಚು’ ಅನ್ನುವ ಮಾತು ಕೇಳಿದಾಗ ಈ ಆದೇಶವನ್ನು ಎಲ್ಲರಿಗೂ ಅನ್ವಯಿಸುವ ನಿಯಮ ಅಂತ ಓದಬೇಡಿ. ಉಳಿದವರು ಚಾಕುವನ್ನು ಕ್ಯಾಬಿನ್ ಬ್ಯಾಗಿನಲ್ಲಿ ಒಯ್ಯುವಂತಿಲ್ಲ. ಚೆಕ್-ಇನ್ ಲಗೇಜಿಗೆ ಹಾಕಬೇಕು.

ನಮ್ಮ ರಾಜ್ಯದಲ್ಲಿ ಕೊಡಗಿನ ಕಥೆ ವಿಶೇಷ. ಸೆಕ್ಷನ್ 41ರ ಕೆಳಗೆ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ವಿನಾಯಿತಿ ಮುಖ್ಯವಾಗಿ ಕೋವಿಗೆ ಸಂಬಂಧಿಸಿದ್ದು. ಕುಪ್ಯ ಅನ್ನುವ ನಿಲುವಂಗಿ ತೊಟ್ಟು ಸೊಂಟಕ್ಕೆ ಪೀಚೆಕತ್ತಿ ಅನ್ನುವ ಚಿಕ್ಕ ಕತ್ತಿ ಸಿಕ್ಕಿಸಿಕೊಳ್ಳುವುದು ಮದುವೆ, ಹಬ್ಬದ ಉಡುಪಿನ ಭಾಗ.

ಓದಲು ಇಂಗ್ಲೆಂಡಿಗೆ ಹೋಗುವವರಿಗೆ

ಇಲ್ಲಿಯ ರೂಢಿ ಅಲ್ಲಿ ನಡೆಯುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಸೆಕ್ಷನ್ 139 ಎಲ್ಲರಿಗೂ ಅನ್ವಯ. ಬೇರೆ ಅಧಿಸೂಚನೆ ಬೇಕಿಲ್ಲ. ಅಂಚು 3 ಇಂಚು ಮೀರದ, ಮಡಚುವ ಜೇಬುಚಾಕುವಿಗೆ ಮಾತ್ರ ರಿಯಾಯಿತಿ. ಬಿಚ್ಚಿದಾಗ ಲಾಕ್ ಆಗುವ ಚಾಕು ಎಷ್ಟೇ ಚಿಕ್ಕದಾದರೂ ಈ ರಿಯಾಯಿತಿಗೆ ಬರುವುದಿಲ್ಲ ಅಂತ ಅಲ್ಲಿನ ಕೋರ್ಟ್ ಹೇಳಿದೆ. ಸಾರ್ವಜನಿಕ ಜಾಗದಲ್ಲಿ ಅದು ಸಿಕ್ಕರೆ, ಒಯ್ಯಲು ಒಳ್ಳೆಯ ಕಾರಣ ಇತ್ತು ಅಂತ ಒಯ್ದವರೇ ತೋರಿಸಬೇಕು. ಗರಿಷ್ಠ ಶಿಕ್ಷೆ 4 ವರ್ಷ ಜೈಲು. ಬಟನ್ ಚಾಕುವನ್ನಂತೂ 2021ರಿಂದ ಮನೆಯೊಳಗೆ ಇಟ್ಟುಕೊಳ್ಳುವುದೂ ಅಪರಾಧ. ಹಣ್ಣು ಕೊಯ್ಯಲು ಅಂತ ಊರಿಂದ ಒಯ್ಯುವ ಚಾಕು ಲಾಕ್ ಆಗುವಂಥದ್ದಾದರೆ ಅದನ್ನು ಇಲ್ಲೇ ಬಿಟ್ಟು ಹೋಗಿ. ಒಯ್ದಿದ್ದರೆ ಅದು ಅಡುಗೆಮನೆ ಡ್ರಾಯರ್‌ನಲ್ಲೇ ಇರಲಿ, ಕಾಲೇಜು ಬ್ಯಾಗಿಗೆ ಬೇಡ.