ಅಣ್ಣನ ಅಂಗಿ ಹಾಕ್ಕೊಂಡ ನದಿ

ಅಮೆರಿಕದ ಮ್ಯಾಪಲ್ಲಿ ಇಲಿನಾಯ್ ನದಿನ ಒಂದ್ಸಲ ನೋಡಿ. ಷಿಕಾಗೊದಿಂದ ಸ್ವಲ್ಪ ಕೆಳಗೆ ಡೆಸ್ ಪ್ಲೇನ್ಸ್, ಕ್ಯಾಂಕಕೀ ಅನ್ನೋ ಎರಡು ನದಿ ಸೇರಿ ಇದು ಹುಟ್ಟುತ್ತೆ, ತನ್ನ ಪಾಡಿಗೆ ತಾನು ಪಶ್ಚಿಮಕ್ಕೆ ಹೋಗ್ತಾ ಇರತ್ತೆ, ಹೆನಪಿನ್ ಅನ್ನೋ ಪುಟ್ಟ ಊರ ಹತ್ರ ಏನೋ ನೆನಪಾದವರ ಥರ ಗಕ್ಕಂತ ದಕ್ಷಿಣಕ್ಕೆ ತಿರುಗಿಬಿಡತ್ತೆ. ಯಾಕಪ್ಪಾ ಅಂದ್ರೆ, ಅಲ್ಲಿಂದ ಕೆಳಗಿನ ಕಣಿವೆ ಇದರದ್ದೇ ಅಲ್ಲ, ಮಿಸಿಸಿಪ್ಪಿದು. ಸುಮಾರು 20,000 ವರ್ಷದ ಹಿಂದೆ ಹಿಮದ ರಾಶಿ ಬಂದು ದಾರಿಗೆ ಅಡ್ಡ ಕೂತ್ಕೊಂತು, ಮಿಸಿಸಿಪ್ಪಿ ಪಶ್ಚಿಮಕ್ಕೆ ಸರೀತು, ಖಾಲಿ ಬಿದ್ದ ಕಣಿವೆಗೆ ಈ ತಮ್ಮ ಬಂದು ಸೇರ್ಕೊಂಡ. ಅಂಗಿ ದೊಗಳೆ, ಆಳು ಸಣ್ಣ.

ತಿರುವಿಗಿಂತ ಮೇಲಿನ ಕಥೆನೇ ಬೇರೆ. ಹಿಮ ಕರಗಿ ನಿಂತ ನೀರು ಒಮ್ಮೆಗೇ ಒಡ್ಡು ಒಡ್ಕೊಂಡು ನುಗ್ಗಿ ಬಂಡೆ ಕೊರೆದ ಜಾಗ ಅದು. ಸ್ಟಾರ್ವ್ಡ್ ರಾಕ್ ಅನ್ನೋ ಕಡಿದಾದ ಬಂಡೆ ನದಿ ಅಂಚಲ್ಲೇ ನಿಂತಿದೆ, ಅದು ಮರಳುಗಲ್ಲು, 45 ಕೋಟಿ ವರ್ಷಕ್ಕೂ ಹಿಂದಿನ ಸಮುದ್ರ ತೀರದ ಮರಳು. ಕಾಳು ಕಾಳೂ ದುಂಡಗೆ, ಹೆಚ್ಚುಕಮ್ಮಿ ಬರೀ ಕ್ವಾರ್ಟ್ಜ್. ಪಕ್ಕದ ಆಟವಾ ಊರಲ್ಲಿ ಅದನ್ನ ಅಗೆದು ಗಾಜಿಗೆ ಬಳಸ್ತಾರೆ, ಸಿಮೆಂಟ್ ಟೆಸ್ಟಿಗೆ ಅಮೆರಿಕದ ಸ್ಟ್ಯಾಂಡರ್ಡ್ ಮರಳೂ ಅದೇ (ಸಿವಿಲ್ ಓದಿದವರಿಗೆ ನಮ್ಮ ಎನ್ನೋರ್ ಮರಳು ನೆನಪಿರಬೇಕಲ್ಲ, ಹಾಗೆ). 1858ರಲ್ಲಿ ಸೆನೆಟ್ ಸೀಟಿಗೆ ಪೈಪೋಟಿಗಿಳಿದಿದ್ದ ಲಿಂಕನ್, ಡಗ್ಲಸ್ ಮೊದಲ ಚರ್ಚೆ ನಡೆಸಿದ್ದೂ ಈ ಊರಲ್ಲೇ.

ಹೆನಪಿನ್ ದಾಟಿದ ಮೇಲೆ ಇಳಿಜಾರು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ನೀರಿಗೆ ಹೊತ್ಕೊಂಡು ಬಂದ ಮಣ್ಣನ್ನ ಮುಂದೆ ಸಾಗಿಸೋ ಶಕ್ತಿನೇ ಇಲ್ಲ. ಪಿಯೋರಿಯಾ ಊರ ಪಕ್ಕ ನದಿ ಅಗಲವಾಗಿ ಕೆರೆ ಥರ ಆಗತ್ತೆ, ಹೊಲಗಳಿಂದ ಕೊಚ್ಚಿ ಬಂದ ಹೂಳೆಲ್ಲ ಅಲ್ಲೇ ಕೂರತ್ತೆ. ಇನ್ನೂ ಕೆಳಗೆ ಹವಾನಾ ಊರಲ್ಲಿ 1894ರಿಂದ ನದಿ ಜೀವಿಗಳ ಅಧ್ಯಯನ ನಡೀತಿದೆ, ಈಗ ಅಲ್ಲಿನ ತಲೆನೋವು ಬೆಳ್ಳಿ ಗೆಂಡೆ ಮೀನು. ಮೀನುಕೊಳದ ನೀರು ಕ್ಲೀನ್ ಆಗಲಿ ಅಂತ 1970ರ ದಶಕದಲ್ಲಿ ಏಷ್ಯಾದಿಂದ ತಂದಿದ್ದು ತಪ್ಪಿಸ್ಕೊಂಡು ನದಿಗೆ ಬಂತು, ಮೋಟರ್ ಬೋಟ್ ಸದ್ದಿಗೆ ಬೆದರಿ ಆಳೆತ್ತರ ಹಾರತ್ತೆ, ಬೋಟಲ್ಲಿ ಕೂತವರ ಮುಖಕ್ಕೇ ಬಡಿಯತ್ತೆ!

1900ರಲ್ಲಿ ಷಿಕಾಗೊದವರು ಕಾಲುವೆ ತೋಡಿ ತಮ್ಮ ಕೊಳಚೆನೆಲ್ಲ ಈ ನದಿ ಕಡೆ ತಿರುಗಿಸಿದ್ರು. 2004ರಲ್ಲಿ ಪಿಯೋರಿಯಾದ ಹೂಳನ್ನ ಬಾರ್ಜಿಗೆ ತುಂಬಿ ಅದೇ ಷಿಕಾಗೊಗೆ ಕಳಿಸಿ, ಹಳೇ ಉಕ್ಕಿನ ಕಾರ್ಖಾನೆ ಜಾಗದ ಕಿಟ್ಟದ ಮೇಲೆ ಹರಡಿದ್ರು. ಹುಲ್ಲು ಚೆನ್ನಾಗೇ ಬಂತು.