ಸೆಕೆ, ಸಲ್ಫರ್ ಮತ್ತು ಕಾಳಿ ಕಣಿವೆ

ಅಮೆರಿಕದ ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ 2020ರಲ್ಲಿ ಪ್ರಕಟಿಸಿದ ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’ ಕಾದಂಬರಿ ಶುರುವಾಗುವುದು ಉತ್ತರ ಪ್ರದೇಶದ ಒಂದು ಊರಿನಲ್ಲಿ. ಅಲ್ಲಿ ಜನ ಸಾಯುವುದು ಬರೀ ಬಿಸಿಲಿಗಲ್ಲ. ಗಾಳಿಯಲ್ಲಿ ತೇವ ಹೆಚ್ಚಿ ಬೆವರು ಆರದೇ ಹೋದಾಗ ಮೈ ತಣಿಯುವ ದಾರಿಯೇ ಮುಚ್ಚುತ್ತದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ 35 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ, ನೆರಳಲ್ಲಿ ಕೂತ ಗಟ್ಟಿಮುಟ್ಟಾದ ಆಳೂ ಹೆಚ್ಚು ಹೊತ್ತು ಬದುಕಲಾರ ಎನ್ನುವುದು ಲೆಕ್ಕ. ಮೇ ತಿಂಗಳಲ್ಲಿ ಕಾರವಾರದ ಬಸ್ ನಿಲ್ದಾಣದಲ್ಲಿ ಬೆನ್ನಿಗಂಟಿದ ಅಂಗಿಯಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. (ಅಷ್ಟು ಸೆಕೆ ನಮ್ಮಲ್ಲಿನ್ನೂ ಬಂದಿಲ್ಲ, ಪುಣ್ಯ.)

ಆಮೇಲೆ ಕಾದಂಬರಿಯ ಭಾರತ ಯಾರ ಒಪ್ಪಿಗೆಗೂ ಕಾಯದೆ ವಾಯುಮಂಡಲದ ಮೇಲ್ಪದರಕ್ಕೆ ಸಲ್ಫರ್ ಡೈಆಕ್ಸೈಡ್ ಸಿಂಪಡಿಸಿ ಬಿಸಿಲು ತಗ್ಗಿಸಲು ಹೊರಡುತ್ತದೆ. ತಂತ್ರಜ್ಞಾನದ ಮದ್ದೇನೋ ಸರಿ, ಕೊಡುವವರು ಯಾರು, ಅಡ್ಡಪರಿಣಾಮ ಉಣ್ಣುವವರು ಯಾರು? ಉತ್ತರ ಕನ್ನಡಕ್ಕೆ ಇದು ಹಳೆಯ ಪ್ರಶ್ನೆ.

ವಿದ್ಯುತ್ತಿಗಾಗಿ ಜಿಲ್ಲೆಯ ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಪೇಟೆಯೇ ಮುಳುಗಿತು. ತಾಲ್ಲೂಕು ಕಚೇರಿ ಜೊಯಿಡಾಕ್ಕೆ ಹೋಯಿತು, ಮನೆ ಕಳೆದುಕೊಂಡವರು ರಾಮನಗರಕ್ಕೆ. ನಂತರ ಅದೇ ನದಿಗೆ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು. ಕದ್ರಾ ಹಿನ್ನೀರನ್ನೇ ನಂಬಿ ಕೈಗಾ ಅಣುಸ್ಥಾವರ. ಅದನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ನಿಂತು ಸೋತರು. 1994ರ ಮೇ 13ರಂದು, ಕಟ್ಟಡ ಇನ್ನೂ ಏಳುತ್ತಿದ್ದಾಗಲೇ, ಮೊದಲ ಘಟಕದ ಗುಮ್ಮಟದ ಒಳಗಿನ ಕಾಂಕ್ರೀಟ್ ಪದರ ಕಳಚಿ ಬಿತ್ತು. ಇಂಧನ ತುಂಬಿರಲಿಲ್ಲ. ಅದೇ ಘಟಕ 2018ರ ಕೊನೆಯ ಹೊತ್ತಿಗೆ 962 ದಿನ ಎಡೆಬಿಡದೆ ಓಡಿ ಜಾಗತಿಕ ದಾಖಲೆ ಮಾಡಿದ್ದನ್ನೂ ಹೇಳಬೇಕು. ಮರುವರ್ಷದ ಮಳೆಗಾಲದಲ್ಲಿ ಕದ್ರಾ ಗೇಟು ತೆರೆದಾಗ ಕೆಳಗಿನ ಹಳ್ಳಿಗಳಿಗೆ ನೀರು ನುಗ್ಗಿತು.

ಜಿಲ್ಲೆಯ ಇನ್ನೊಂದು ನದಿ ಬೇಡ್ತಿಯದು ಬೇರೆ ಕಥೆ. 1981ರಲ್ಲಿ ಶಿರಸಿಯಲ್ಲಿ ಅಡಿಕೆ ಬೆಳೆಗಾರರೂ ವಿಜ್ಞಾನಿಗಳೂ ಒಟ್ಟಿಗೆ ಕೂತು, ಮುಳುಗಲಿದ್ದ ಕಾಡು-ತೋಟಗಳಿಗೂ ಬೆಲೆ ಕಟ್ಟಿ, ಜಲವಿದ್ಯುತ್ ಯೋಜನೆಯ ಲಾಭ-ನಷ್ಟವನ್ನು ಹೊಸದಾಗಿ ಲೆಕ್ಕ ಹಾಕಿದರು. ಯೋಜನೆ ನಿಂತಿತು. ಇನ್ನೂ ಬಾರದ ಮುಳುಗಡೆಯನ್ನು ಅಂಕಿಗಳಲ್ಲಿ ಕಂಡ ಆ ಗೋಷ್ಠಿಯೇ ನನ್ನ ಮಟ್ಟಿಗೆ ಜಿಲ್ಲೆಯ ಒಳ್ಳೆಯ ವಿಜ್ಞಾನ ಕಥೆ. ಎರಡು ವರ್ಷದಲ್ಲಿ ಸಲ್ಕಣಿಯ ಕಡೆ, ಮರಗಳನ್ನು ಅಪ್ಪಿಕೊಂಡು ಕಡಿಯದಂತೆ ತಡೆಯುವ ಅಪ್ಪಿಕೊ ಚಳವಳಿ ಹುಟ್ಟಿತು.

ಕಾಳಿಗೆ ಆ ಭಾಗ್ಯ ಸಿಗಲಿಲ್ಲ. ಅಲ್ಲಿ ಒಂದರ ಬೆನ್ನಿಗೊಂದು ಯೋಜನೆ ಬಂತು, ಪ್ರತಿಯೊಂದಕ್ಕೂ ಬೇರೆ ಕಡತ. ಈಗ ಕೈಗಾಕ್ಕೆ ತಲಾ 700 ಮೆಗಾವಾಟಿನ ಇನ್ನೆರಡು ಘಟಕ ಬರಲಿವೆ. ಬೇಡ್ತಿ–ವರದಾ ನದಿ ಜೋಡಣೆಯ ಮಾತು ಮತ್ತೆ ಎದ್ದಿದೆ. ಎಲ್ಲವನ್ನೂ ಒಟ್ಟಿಗಿಟ್ಟು ಜಿಲ್ಲೆ ಎಷ್ಟು ತಾಳೀತು ಎಂದು ನೋಡುವ ಧಾರಣಾ ಸಾಮರ್ಥ್ಯದ ಅಧ್ಯಯನ ಆಗಲಿ ಎನ್ನುವ ಬೇಡಿಕೆ ಮಾತ್ರ ಇಲ್ಲಿ ಬಹಳ ಹಳೆಯದು.